ಅವ್ವ, ಅಮ್ಮ ಮತ್ತು ನನ್ನ ಅರ್ಜಿ

ಸ್ನಾತಕೋತ್ತರ ಓದಿಗೆ ಹಾಕುತ್ತಿದ್ದ ಅರ್ಜಿಯ ಮೂರನೇ ಪುಟದಲ್ಲಿ ತಾಯಿಯ ಹೆಸರು ಕೇಳಿದ್ದರು. ಅಲ್ಲಿಗೇ ಒಂದು ವಾರ ನಿಂತುಬಿಟ್ಟೆ.

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವ್ವನ ಹೆಸರು ‘ಅಮ್ಮ’ ಅಂತ ಮುಗಿಯುತ್ತದೆ. ಅವಳ ಆಧಾರ್ ಕಾರ್ಡಿನಲ್ಲಿ ಅದೇ ಹೆಸರು ‘ಅವ್ವ’ ಅಂತ ಮುಗಿಯುತ್ತದೆ. ರೇಷನ್ ಕಾರ್ಡಿನಲ್ಲಿ ಎರಡೂ ಇಲ್ಲ, ಹೆಸರಿನ ಮೊದಲ ಭಾಗ ಮಾತ್ರ ಇದೆ. ಮೂರನ್ನೂ ಮುಂದಿಟ್ಟು ಯಾವುದು ಬರೀಲಿ ಅಂತ ಅವ್ವನನ್ನೇ ಕೇಳಿದೆ. ಜೋಳ ಹಸನು ಮಾಡುತ್ತಾ ಕೂತಿದ್ದಳು. ಮೊರ ಕೆಳಗಿಡಲಿಲ್ಲ. “ಯಾವುದರೆ ಬರಿ. ಮೂರೂ ನಾನೇ ಅಲ್ಲೇನು?” ಅಂದಳು.

ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕು. ಬುದ್ಧ ಮಲಗಿದಂಗೆ ಕಾಣುವ ಬೆಟ್ಟ ಇದೆಯಲ್ಲ, ಅದೇ ಶಹಾಪುರ. ನಾನು 2021ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬಿ.ಎ. ಮುಗಿಸಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಆಮೇಲೆ ಒಂದು ಗ್ರಾಮ ಪಂಚಾಯ್ತಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದೆ. ಉದ್ಯೋಗ ಖಾತ್ರಿಯ ಕೆಲಸವೇ ಜಾಸ್ತಿ ಇತ್ತು. ಜನ ಕೆಲಸ ಬೇಕು ಅಂತ ನಮೂನೆ 6ರಲ್ಲಿ ಅರ್ಜಿ ಕೊಡುತ್ತಿದ್ದರು. ಅದನ್ನು ಕಂಪ್ಯೂಟರಿಗೆ ಹಾಕಬೇಕಿತ್ತು, ಎನ್‌ಎಂಆರ್ ಅಂದರೆ ಕೂಲಿಕಾರರ ಹಾಜರಾತಿ ಪಟ್ಟಿ ತೆಗೆಯಬೇಕಿತ್ತು, ಕೂಲಿಕಾರರ ಗುಂಪು ನೋಡಿಕೊಳ್ಳುವ ಕಾಯಕ ಬಂಧುಗಳು ಕೆಲಸದ ಜಾಗದಿಂದ ಮೊಬೈಲಿನಲ್ಲಿ ಹಾಜರಾತಿ ಫೋಟೊ ಹಾಕಿದರೋ ಇಲ್ಲವೋ ನೋಡಬೇಕಿತ್ತು. ಫೋಟೊ ಹೋಗದಿದ್ದರೆ ನನಗೆ ಫೋನ್ ಬರುತ್ತಿತ್ತು. “ಅಕ್ಕಾ, ಇಲ್ಲಿ ನೆಟ್‌ವರ್ಕೇ ಇಲ್ಲ, ಗುಡ್ಡ ಹತ್ತಾಕತ್ತೀನಿ.” ಏಪ್ರಿಲ್ ತಿಂಗಳ ಬಿಸಿಲಿನಲ್ಲಿ.

ಪಬ್ಲಿಕ್ ಪಾಲಿಸಿ ಅನ್ನುವ ಮಾತು ನನಗೆ ಮೊದಲು ಸಿಕ್ಕಿದ್ದು ಅದೇ ಪಂಚಾಯ್ತಿಯಲ್ಲಿ. ಯಾದಗಿರಿ ಮತ್ತು ರಾಯಚೂರನ್ನು 2018ರಲ್ಲಿ ಕೇಂದ್ರ ಸರ್ಕಾರ, ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಮಾಡಿದ ‘ಮಹತ್ವಾಕಾಂಕ್ಷೆಯ ಜಿಲ್ಲೆಗಳ’ ಪಟ್ಟಿಗೆ ಸೇರಿಸಿತು. ಕರ್ನಾಟಕದಿಂದ ಇವೆರಡೇ. ಅಂದಿನಿಂದ ಲ್ಯಾಪ್‌ಟಾಪ್ ಹಿಡಿದು ಬಂದು ಅಂಕಿ-ಅಂಶ ಕೇಳುವವರು ಹೆಚ್ಚಾದರು. ಹಾಗೆ ಬಂದ ಒಬ್ಬ ಮೇಡಂ ಮಧ್ಯಾಹ್ನದ ತನಕ ನನ್ನ ಪಕ್ಕದಲ್ಲೇ ಕೂತು ಕೆಲಸ ನೋಡಿದರು. ಎಂಎನ್‌ಸಿ ಬಿಟ್ಟು ಬಂದವರಂತೆ. ಏನು ಓದಿದ್ದೀರಿ ಅಂತ ಕೇಳಿದೆ. “ಮಾಸ್ಟರ್ಸ್ ಇನ್ ಪಬ್ಲಿಕ್ ಪಾಲಿಸಿ” ಅಂದರು. ಹಾಗಂದ್ರೇನು ಅಂದೆ. ನನ್ನ ಕಂಪ್ಯೂಟರ್ ಕಡೆ ಬೆರಳು ತೋರಿಸಿ, “ಇದೇ. ಇದು ಹೀಗೆ ಯಾಕಿದೆ, ಬೇರೆ ಥರ ಇದ್ದರೆ ಏನಾಗುತ್ತಿತ್ತು ಅಂತ ಓದೋದು” ಅಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೊಂದು ಕಾರಣ ಇತ್ತು, ಮುಂದೆ ಹೇಳುತ್ತೇನೆ.

2023ರ ಆಗಸ್ಟ್‌ನಲ್ಲಿ ಹುಡುಕಲು ಶುರು ಮಾಡಿದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಎರಡು ವರ್ಷದ ಎಂಪಿಪಿ, ಅಂದರೆ ಆ ಮೇಡಂ ಹೇಳಿದ ಮಾಸ್ಟರ್ಸ್ ಇನ್ ಪಬ್ಲಿಕ್ ಪಾಲಿಸಿ ಇದೆ, 2014ರಿಂದ ನಡೆಯುತ್ತಿದೆ. ಲಾ ಸ್ಕೂಲ್ ಅಂದ ತಕ್ಷಣ ವಕೀಲರಿಗೆ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ಹಾಗಿಲ್ಲ, ಯಾವ ಡಿಗ್ರಿ ಆದವರೂ ಬರೆಯಬಹುದು. ಅದಕ್ಕೆ ಎನ್‌ಎಲ್‌ಸ್ಯಾಟ್ ಅನ್ನುವ ಪರೀಕ್ಷೆ. ಹೈದರಾಬಾದಿನ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಪಬ್ಲಿಕ್ ಪಾಲಿಸಿ ಮತ್ತು ಗವರ್ನೆನ್ಸ್ ಎಂ.ಎ. ಇದೆ, ಅದಕ್ಕೆ ಸಿಯುಇಟಿ ಪಿಜಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಡೆವಲಪ್‌ಮೆಂಟ್ ಎಂ.ಎ. ಇದೆ, ಅಲ್ಲಿ ಮನೆಯ ಆದಾಯ ನೋಡಿ ಶುಲ್ಕ ಮತ್ತು ಹಾಸ್ಟೆಲ್ ಖರ್ಚಿಗೆ ನೆರವು ಕೊಡುತ್ತಾರೆ. ನಮ್ಮ ಹತ್ತಿರದ್ದೇ ಅಂದರೆ ಆಳಂದ ತಾಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ. ಅಲ್ಲಿಗೂ ಸಿಯುಇಟಿಯೇ. ಇವಲ್ಲದೆ ಕೆಲವು ಖಾಸಗಿ ಸಂಸ್ಥೆಗಳೂ ಇವೆ. ಅವು ಪರೀಕ್ಷೆಗಿಂತ ಎಸ್‌ಒಪಿ, ಅಂದರೆ ‘ನಾನು ಯಾಕೆ ಓದಬೇಕು’ ಅಂತ ಬರೆಯುವ ಪತ್ರ ಮತ್ತು ಇಬ್ಬರ ಶಿಫಾರಸು ಪತ್ರ ಕೇಳುತ್ತವೆ. ಅವುಗಳ ಶುಲ್ಕ ನೋಡಿ ಫೋನ್ ಕೆಳಗಿಟ್ಟೆ. ಆದರೂ ಸ್ಕಾಲರ್‌ಶಿಪ್ ಇದೆ ಅಂತ ಬರೆದಿದ್ದ ಒಂದಕ್ಕೆ ಹಾಕೋಣ ಅಂದುಕೊಂಡೆ.

ಪ್ರಮಾಣಪತ್ರಗಳ ಬಗ್ಗೆ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆಯ ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

ನಮ್ಮದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 2ಎ. ಆ ಜಾತಿ-ಆದಾಯ ಪ್ರಮಾಣಪತ್ರ ನನ್ನ ಹತ್ತಿರ ಇತ್ತು, ಅವಧಿಯೂ ಮುಗಿದಿರಲಿಲ್ಲ. ಅದೇ ಸಾಕು ಅಂದುಕೊಂಡಿದ್ದೆ. ಸಾಕಾಗುವುದಿಲ್ಲ. ಕೇಂದ್ರದ ಸಂಸ್ಥೆಗಳಿಗೆ 2ಎ, 3ಬಿ ಅನ್ನುವುದೆಲ್ಲ ಲೆಕ್ಕಕ್ಕಿಲ್ಲ. ಅವರಿಗೆ ಕೇಂದ್ರದ ನಮೂನೆಯಲ್ಲೇ ಒಬಿಸಿ ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರ ಬೇಕು. ಮೊದಲು ನಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಳ್ಳಬೇಕು. ಆಮೇಲೆ ನಾಡಕಚೇರಿಯಲ್ಲಿ ‘ಕೇಂದ್ರದ್ದು’ ಅಂತ ಬಾಯಿಬಿಟ್ಟು ಹೇಳಿ ಅರ್ಜಿ ಹಾಕಬೇಕು. ಸುಮ್ನೆ ಜಾತಿ ಪ್ರಮಾಣಪತ್ರ ಕೊಡಿ ಅಂದರೆ ರಾಜ್ಯದ್ದೇ ಬರುತ್ತದೆ. ಇನ್ನೊಂದು, ಅದು ಆಯಾ ಹಣಕಾಸು ವರ್ಷದ್ದೇ ಆಗಿರಬೇಕು. ನಾನು ನವೆಂಬರ್‌ನಲ್ಲಿ ಮಾಡಿಸಿದ್ದು ಏಪ್ರಿಲ್ 1 ದಾಟಿದ ಮೇಲೆ ಹಳತಾಯಿತು. ಪ್ರವೇಶದ ಹೊತ್ತಿಗೆ ಮತ್ತೆ ಮಾಡಿಸಿದೆ.

ಡಿಗ್ರಿಯ ಘಟಿಕೋತ್ಸವ ಪ್ರಮಾಣಪತ್ರ ನಾನು ತಂದೇ ಇರಲಿಲ್ಲ. ಅದಕ್ಕಾಗಿ ಕಲಬುರಗಿಗೆ ಎರಡು ಸಲ ಹೋದೆ. ಶಹಾಪುರದಿಂದ ಜೇವರ್ಗಿ, ಕಟ್ಟಿ ಸಂಗಾವಿಯ ಹತ್ತಿರ ಭೀಮಾ ದಾಟಿ ಕಲಬುರಗಿ, ಅಲ್ಲಿಂದ ವಿಶ್ವವಿದ್ಯಾಲಯದ ಆವರಣ ಜ್ಞಾನಗಂಗೆ. ಎರಡು ಸಲವೂ ಬಸ್ಸಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ. ಆ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿತ್ತು. ಕಂಡಕ್ಟರ್ ಕೊಟ್ಟ ಶೂನ್ಯ ಮೊತ್ತದ ಟಿಕೆಟನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಕೆಲಸ ಆಗದೆ ಬರಿಗೈಯಲ್ಲಿ ವಾಪಸ್ ಬಂದ ಮೊದಲ ದಿನ ಅದರ ಬೆಲೆ ಗೊತ್ತಾಯಿತು. ದುಡ್ಡು ಕೊಟ್ಟು ಹೋಗಿದ್ದರೆ ಮನೆಯಲ್ಲಿ ಎರಡನೇ ಸಲ ಕಳಿಸುತ್ತಿರಲಿಲ್ಲ.

ಇನ್ನು ಅವ್ವನ ಹೆಸರು. ಅಂಕಪಟ್ಟಿ ತಿದ್ದಿಸಬೇಕೆಂದರೆ ಓದಿದ ಶಾಲೆಯಿಂದ ಮಂಡಳಿಗೆ ಹೋಗಬೇಕು, ತಿಂಗಳುಗಟ್ಟಲೆ ಆಗುತ್ತದೆ. ಆಧಾರ್ ತಿದ್ದಿಸಿದರೆ ಬ್ಯಾಂಕು, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಗೃಹಲಕ್ಷ್ಮಿ ಎಲ್ಲವೂ ಅದರ ಹಿಂದೆ ಅಲುಗಾಡುತ್ತವೆ. ಕೊನೆಗೆ ನೋಟರಿ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿದೆವು. ಈ ಎರಡೂ ಹೆಸರು ಒಬ್ಬಳದೇ ಅಂತ. ಅವ್ವ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಸೆರಗಿನಿಂದ ಶಾಯಿ ಒರೆಸಿಕೊಳ್ಳುತ್ತಾ, “ನಾ ನಾನೇ ಅಂತ ಬರೆಸಾಕ ರೊಕ್ಕ ಕೊಡಬೇಕಾತಲ್ಲ” ಅಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಯಾಕೆಂದರೆ ಪಂಚಾಯ್ತಿಯಲ್ಲಿ ಅದೇ ತಿಂಗಳು ನಾನು ಬೇರೆಯವರಿಗೆ ಅದನ್ನೇ ಹೇಳುತ್ತಿದ್ದೆ. 2024ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೂಲಿ ಆಧಾರ್ ಮೂಲಕವೇ ಪಾವತಿ ಆಗಬೇಕು ಅಂತ ಆಗಿತ್ತು. ಡಿಸೆಂಬರ್ ಮುಗಿಯುವುದರೊಳಗೆ ಎಲ್ಲರದ್ದೂ ಜೋಡಿಸಬೇಕು. ಜಾಬ್ ಕಾರ್ಡಿನ ಹೆಸರು ಮತ್ತು ಆಧಾರ್ ಹೆಸರು ಹೊಂದದಿದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ. ನಮ್ಮ ಕಡೆ ಹೆಂಗಸರ ಹೆಸರು ಬರೆಯುವವರ ಬಾಯಿಗೆ ಬಂದಂಗೆ ಬದಲಾಗುತ್ತದೆ. ಊರಿನವರು ಬರೆದರೆ ‘ಅವ್ವ’, ಮೇಷ್ಟ್ರು ಬರೆದರೆ ‘ಅಮ್ಮ’, ಗಡಿ ಕಡೆಯಿಂದ ಬಂದವರು ಬರೆದರೆ ‘ಬಾಯಿ’. ದಿನಾ ಸಂಜೆ ತನಕ ಹೆಂಗಸರು ಬಂದು ನಿಲ್ಲುತ್ತಿದ್ದರು. ನಾನು ಕಾರ್ಡು ನೋಡಿ, “ಹೆಸರು ಹೊಂದ್ವಲ್ದು ಕಾಕಿ, ತಿದ್ದಿಸಿಕೊಂಡು ಬರ್ರಿ” ಅನ್ನುತ್ತಿದ್ದೆ. ಅವರು ಏನೂ ಅನ್ನದೆ ಕಾರ್ಡನ್ನು ಪ್ಲಾಸ್ಟಿಕ್ ಚೀಲದೊಳಗೆ ಮಡಚಿ ಇಟ್ಟುಕೊಂಡು ಹೋಗುತ್ತಿದ್ದರು.

ಅದೇ ದಿನಗಳಲ್ಲಿ ಎಸ್‌ಒಪಿ ಬರೆಯುತ್ತಿದ್ದೆ.

ಮೊದಲ ಪ್ರತಿ ಇಂಗ್ಲಿಷಿನಲ್ಲೇ ಬರೆದೆ. ಇಂಟರ್ನೆಟ್‌ನಲ್ಲಿ ಸಿಕ್ಕ ನಾಲ್ಕೈದು ಮಾದರಿ ಮುಂದಿಟ್ಟುಕೊಂಡು. ಚಿಕ್ಕಂದಿನಿಂದಲೂ ಸಮಾಜಸೇವೆಯ ಆಸೆ, ಭಾರತದಂಥ ವೈವಿಧ್ಯಮಯ ದೇಶದಲ್ಲಿ ನೀತಿಯ ಮಹತ್ವ, ಇಂಥ ಮಾತುಗಳು. ಅದನ್ನು ನನ್ನ ಅರ್ಥಶಾಸ್ತ್ರದ ಸರ್‌ಗೆ ತೋರಿಸಬೇಕಿತ್ತು. ಶಿಫಾರಸು ಪತ್ರವನ್ನೂ ಅವರಿಂದಲೇ ತಗೋಬೇಕಿತ್ತು. ಕಾಲೇಜಿಗೆ ಹೋದರೆ ಸರ್ ಇಲ್ಲ. ಅವರು ಅತಿಥಿ ಉಪನ್ಯಾಸಕರು. ಆ ಚಳಿಗಾಲದಲ್ಲಿ ಸೇವೆ ಕಾಯಂ ಮಾಡಿ ಅಂತ ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ ತರಗತಿ ಬಿಟ್ಟು ಮುಷ್ಕರ ಕೂತಿದ್ದರು. ಸರ್ ಯಾದಗಿರಿಯಲ್ಲಿ ಶಾಮಿಯಾನದ ಕೆಳಗೆ ಸಿಕ್ಕರು.

ಜಮಖಾನೆ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು ಎರಡೂ ಪುಟ ಓದಿದರು. ಮೈಕಿನಲ್ಲಿ ಯಾರೋ ಭಾಷಣ ಮಾಡುತ್ತಿದ್ದರು. ಸರ್ ಕಾಗದವನ್ನು ಮಂಡಿಯ ಮೇಲಿಟ್ಟು ಕೇಳಿದರು. “ಇದನ್ನ ಮೈಸೂರಿನ ಹುಡುಗಿ ಬರೆದ್ರೂ ಹಿಂಗೇ ಇರ್ತದಲ್ಲ ತಂಗಿ. ನೀ ಎರಡು ವರ್ಷ ಪಂಚಾಯ್ತ್ಯಾಗ ಕುಂತು ಏನ್ ನೋಡಿದಿ? ಒಂದೇ ಒಂದು ಹೇಳು.”

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಯಾರಿಗೂ ಹೇಳದಿದ್ದ ಒಂದು ವಿಷಯ ಹೇಳಿದೆ.

ಹಿಂದಿನ ವರ್ಷ ಜಾಬ್ ಕಾರ್ಡುಗಳನ್ನು ಪರಿಶೀಲಿಸಿ, ಬೇಡದವನ್ನು ತೆಗೆಯಿರಿ ಅಂತ ಸೂಚನೆ ಬಂದಿತ್ತು. ಒಂದು ಕಾರ್ಡು ತೆಗೆಯಬೇಕೆಂದರೆ ಕಂಪ್ಯೂಟರ್ ಕಾರಣ ಕೇಳುತ್ತದೆ. ಬಾಣದ ಗುರುತು ಒತ್ತಿದರೆ ಒಂದು ಪಟ್ಟಿ ಇಳಿಯುತ್ತದೆ. ತೀರಿಕೊಂಡಿದ್ದಾರೆ. ನಕಲಿ ಕಾರ್ಡು. ಊರು ಬಿಟ್ಟು ಕಾಯಂ ಹೋಗಿದ್ದಾರೆ. ಕೆಲಸ ಮಾಡಲು ಇಷ್ಟವಿಲ್ಲ. ಇಂಥ ಕೆಲವು ಆಯ್ಕೆಗಳು, ಅಷ್ಟೇ. ನಮ್ಮ ಓಣಿಯ ಒಂದು ಮನೆಯವರು ದೀಪಾವಳಿ ಆದ ಮೇಲೆ ಗುಳೆ ಹೋಗುತ್ತಾರೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಯುಗಾದಿಗೆ ವಾಪಸ್ ಬಂದು ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಕೆಲಸಕ್ಕೆ ಬರುತ್ತಾರೆ. ಪರಿಶೀಲನೆಯ ದಿನ ಅವರ ಮನೆಗೆ ಬೀಗ ಇತ್ತು. ಅವರು ಸತ್ತಿಲ್ಲ. ನಕಲಿ ಅಲ್ಲ. ಕಾಯಂ ಹೋಗಿಲ್ಲ. ಪಟ್ಟಿಯಲ್ಲಿ ಉಳಿದಿದ್ದು ಒಂದೇ. ನಾನೇ ಅದನ್ನು ಒತ್ತಿದೆ. ‘ಕೆಲಸ ಮಾಡಲು ಇಷ್ಟವಿಲ್ಲ.’

ಆ ಮನೆಯ ಹೆಣ್ಣುಮಗಳು ಯುಗಾದಿಗೆ ಬಂದಳು. ನಮೂನೆ 6 ತುಂಬಿಕೊಂಡು ನನ್ನ ಮೇಜಿನ ಮುಂದೆ ನಿಂತಳು. ಅವಳ ಅಂಗೈ ನೋಡಿದೆ. ಸಿಮೆಂಟ್ ತಿಂದು ಚರ್ಮ ಸುಲಿದಿತ್ತು. ಕಂಪ್ಯೂಟರಿನಲ್ಲಿ ಅವಳಿಗೆ ಕೆಲಸ ಮಾಡಲು ಇಷ್ಟವಿರಲಿಲ್ಲ.

ಹೊಸ ಕಾರ್ಡು ಮಾಡಿಕೊಟ್ಟೆವು, ಆದರೆ ಅಷ್ಟರಲ್ಲಿ ಬೇಸಿಗೆಯ ಕೆಲಸದ ದಿನಗಳು ಬಹಳಷ್ಟು ಹೋಗಿದ್ದವು. ಆ ಪಟ್ಟಿಯನ್ನು ಯಾರು ಮಾಡಿದರು? ಏನನ್ನು ನೋಡಿ ಮಾಡಿದರು? ‘ನಾಲ್ಕು ತಿಂಗಳು ಗುಳೆ ಹೋಗಿದ್ದಾರೆ’ ಅನ್ನುವ ಒಂದು ಸಾಲು ಅಲ್ಲಿ ಯಾಕೆ ಇರಲಿಲ್ಲ? ಅದನ್ನು ಸೇರಿಸಬೇಕೆಂದರೆ ಯಾರನ್ನು ಕೇಳಬೇಕು? ಆವತ್ತಿನಿಂದ ನನ್ನ ತಲೆಯಲ್ಲಿದ್ದದ್ದು ಇವೇ ಪ್ರಶ್ನೆಗಳು. ಆ ಮೇಡಂ ಕಂಪ್ಯೂಟರ್ ಕಡೆ ಬೆರಳು ತೋರಿಸಿದಾಗ ಎದೆಗೆ ತಾಗಿದ್ದು ಇದಕ್ಕೇ.

ಸರ್ ಕಾಗದ ಮಡಚಿ ನನ್ನ ಕೈಗಿಟ್ಟರು. “ಇದೇ ಬರಿ. ಮೊದಲು ಕನ್ನಡದಾಗ ಬರಿ. ಇಂಗ್ಲಿಷ್ ನೋಡ್ಕೊಳೋಣಂತ.” ನಂಜುಂಡಪ್ಪ ವರದಿ ಓದು ಅಂತಲೂ ಹೇಳಿದರು. ಪ್ರೊಫೆಸರ್ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಅದು. ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲಬರ್ಗಾ ವಿಭಾಗದವು ಅಂತ ಅದು ಲೆಕ್ಕ ಹಾಕಿ ತೋರಿಸಿತು. ನಮ್ಮ ಭಾಗ ಹಿಂದುಳಿದಿದೆ ಅಂತ ಚಿಕ್ಕಂದಿನಿಂದ ಕೇಳಿದ್ದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದಿದ್ದೂ ಅದಕ್ಕೇ ಅಂತ ಗೊತ್ತಿತ್ತು. ಆದರೆ ‘ಹಿಂದುಳಿದಿದೆ’ ಅನ್ನುವುದನ್ನು ತಾಲೂಕು ತಾಲೂಕಾಗಿ ಅಳೆದು ಹೇಳಬಹುದು, ಹಾಗೆ ಅಳೆದರೆ ಸರ್ಕಾರ ತಳ್ಳಿಹಾಕುವುದು ಕಷ್ಟ ಅನ್ನುವುದು ನನಗೆ ಹೊಳೆದಿದ್ದು ಆ ಕೋಷ್ಟಕಗಳನ್ನು ನೋಡಿದಾಗ. ದೂರು ಬೇರೆ, ಲೆಕ್ಕ ಬೇರೆ. ಇದು ಆಮೇಲೆ ಇನ್ನೊಂದು ಸಲ ನನಗೆ ಗಟ್ಟಿಯಾಗಿ ಬಡಿಯಲಿತ್ತು.

ಶಿಫಾರಸು ಪತ್ರಕ್ಕೆ ಆ ಖಾಸಗಿ ಸಂಸ್ಥೆಯ ಅರ್ಜಿಯಲ್ಲಿ ಒಂದು ತೊಡಕು ಬಂತು. ಪತ್ರ ಕೊಡುವವರ ಅಧಿಕೃತ ಇ-ಮೇಲ್ ಬೇಕು, ಜಿಮೇಲ್ ನಡೆಯುವುದಿಲ್ಲ ಅಂತ ಅಲ್ಲಿ ಬರೆದಿತ್ತು. ಹತ್ತಾರು ವರ್ಷ ಪಾಠ ಮಾಡಿದ ಸರ್‌ಗೆ ಕಾಲೇಜು ಒಂದು ಇ-ಮೇಲ್ ಕೊಟ್ಟಿರಲಿಲ್ಲ. ಅತಿಥಿ ಅಲ್ವಾ. ಸಂಸ್ಥೆಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಒಬ್ಬರು ಕೇಳಿಸಿಕೊಂಡರು. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಾಂಶುಪಾಲರ ಮೊಹರು ಹಾಕಿಸಿ ಕಳಿಸಿ, ಪರವಾಗಿಲ್ಲ ಅಂದರು. ಅದಕ್ಕೇ ನಾನು ಈಗ ಎಲ್ಲರಿಗೂ ಹೇಳುವುದು, ಅರ್ಜಿಯಲ್ಲಿ ನಿಮ್ಮ ಪರಿಸ್ಥಿತಿಗೆ ಜಾಗ ಇಲ್ಲ ಅನ್ನಿಸಿದರೆ ಬಿಟ್ಟುಕೊಡಬೇಡಿ, ಫೋನ್ ಮಾಡಿ. ಆ ಕಡೆ ಇರುವುದೂ ನಮ್ಮಂಥ ಆಪರೇಟರೇ.

ಎರಡನೇ ಪತ್ರ ನಮ್ಮ ಪಿಡಿಒ ಸರ್ ಕೊಟ್ಟರು. “ನೀವೇ ಬರ್ಕೊಂಡು ಬರ್ರಿ, ಸೈನ್ ಮಾಡ್ತೀನಿ” ಅಂದರು. ನನಗೆ ನನ್ನನ್ನೇ ಹೊಗಳಿ ಬರೆಯಲು ಮನಸ್ಸಾಗಲಿಲ್ಲ. ನೀವು ಕನ್ನಡದಲ್ಲಿ ಹೇಳಿ ಸರ್, ನಾನು ಟೈಪ್ ಮಾಡ್ತೀನಿ ಅಂದೆ. ಅವರು ಕಿಟಕಿ ಕಡೆ ನೋಡುತ್ತಾ ಹೇಳಿದರು. “ಇವರು ತಪ್ಪಾದಾಗ ಕಂಪ್ಯೂಟರ್ ಮೇಲೆ ಹಾಕುವುದಿಲ್ಲ. ನನ್ನ ಹತ್ತಿರ ಬಂದು ತಪ್ಪಾಗಿದೆ ಅಂತ ಹೇಳುತ್ತಾರೆ.” ಆ ಜಾಬ್ ಕಾರ್ಡಿನ ವಿಷಯ ಅವರಿಗೆ ನೆನಪಿತ್ತು ಅಂತ ಆಗ ಗೊತ್ತಾಯಿತು.

ಪರೀಕ್ಷೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಯುಇಟಿಗೆ ಕಲಬುರಗಿಯಲ್ಲೇ ಕೇಂದ್ರ ಸಿಕ್ಕಿತು. 75 ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಕಡಿತ. ಕಂಪ್ಯೂಟರ್ ಮುಂದೆ ಕೂರುವುದು ನನ್ನ ದಿನದ ಕೆಲಸ, ಅದರಿಂದ ಹೆದರಿಕೆ ಆಗಲಿಲ್ಲ. ಎನ್‌ಎಲ್‌ಸ್ಯಾಟ್‌ಗೆ ಹೈದರಾಬಾದ್ ಆರಿಸಿಕೊಂಡೆ, ಬೆಂಗಳೂರಿಗಿಂತ ನಮಗೆ ಅದೇ ಹತ್ತಿರ. ಅಂತರರಾಜ್ಯ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ. ಟಿಕೆಟ್ಟಿಗೂ ಪರೀಕ್ಷೆಯ ಶುಲ್ಕಕ್ಕೂ ಅವ್ವ ತನ್ನ ಗೃಹಲಕ್ಷ್ಮಿ ದುಡ್ಡು ಕೊಟ್ಟಳು. ಆ ಪರೀಕ್ಷೆಯಲ್ಲಿ ಎರಡು ಭಾಗ. ಒಂದು ಆಯ್ಕೆಯ ಪ್ರಶ್ನೆಗಳು, ಇನ್ನೊಂದು ಬರೆಯುವುದು. ಬರೆಯುವ ಭಾಗ ಚೆನ್ನಾಗಿ ಆಯಿತು. ಮೊದಲ ಭಾಗದ ಉದ್ದುದ್ದ ಇಂಗ್ಲಿಷ್ ಪ್ಯಾರಾಗಳು ನನ್ನ ಸಮಯ ತಿಂದವು. ನಾನು ಓದುವುದು ನಿಧಾನ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ದಿನಾ ಗಡಿಯಾರ ಇಟ್ಟುಕೊಂಡು ಆರು ತಿಂಗಳು ಓದಬೇಕಿತ್ತು, ನಾನು ಎರಡು ತಿಂಗಳು ಓದಿದ್ದೆ. ಅಲ್ಲಿ ಸಿಗಲಿಲ್ಲ.

ಈ ನಡುವೆ ಮಾರ್ಚ್‌ನಲ್ಲಿ ಕೆಪಿಎಸ್‌ಸಿಯವರು ಪಿಡಿಒ ಹುದ್ದೆ ಕರೆದರು. ಒಟ್ಟು 247, ಅದರಲ್ಲಿ 97 ನಮ್ಮ ಭಾಗಕ್ಕೆ. ಓಣಿಗೆ ಓಣಿಯೇ ಮಾತಾಡಲು ಶುರು ಮಾಡಿತು. 371(ಜೆ) ಸರ್ಟಿಫಿಕೇಟ್ ಕೈಯಾಗ ಅದ, ಪಂಚಾಯ್ತಿ ಕೆಲಸ ಗೊತ್ತದ, ಇನ್ನೇನ್ ಬೇಕು ನಿನಗ ಅಂತ. ಅಪ್ಪ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಒಂದು ರಾತ್ರಿ ಊಟಕ್ಕೆ ಕೂತಾಗ, “ಅದನ್ನ ಓದಿದ್ರ ಯಾವ ನೌಕರಿ ಅಂತ ಕೇಳಿದ್ರ ಮಂದಿಗೆ ಏನಂತ ಹೇಳ್ಲಿ ನಾ?” ಅಂದ. ನ್ಯಾಯವಾದ ಪ್ರಶ್ನೆಯೇ. ತೊಗರಿ ಒಣಗಿಹೋದ ವರ್ಷ ಅದು, ರಾಜ್ಯಕ್ಕೇ ಬರ ಬಿದ್ದಿತ್ತು. ಮಗಳು ಇದ್ದ ನೌಕರಿ ಬಿಟ್ಟು ಎರಡು ವರ್ಷ ಓದುತ್ತೇನೆ ಅಂದರೆ ಯಾವ ಅಪ್ಪನಿಗೂ ಭಯ ಆಗುತ್ತದೆ. ನಾನು ಪಿಡಿಒಗೂ ಅರ್ಜಿ ಹಾಕಿದೆ. ಅದನ್ನು ಮುಚ್ಚಿಡಬೇಕಾದ್ದೇನಿಲ್ಲ. ನಮ್ಮಂಥ ಮನೆಯವರು ಒಂದೇ ಬಾಗಿಲು ಬಡಿಯುತ್ತಾ ಕೂರಲು ಆಗುವುದಿಲ್ಲ.

2024ರ ಮೇ ತಿಂಗಳಲ್ಲಿ ಒಂದು ವಿಶ್ವವಿದ್ಯಾಲಯದಿಂದ ಸಂದರ್ಶನಕ್ಕೆ ಕರೆ ಬಂತು, ಆನ್‌ಲೈನ್. ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ಊರಿನ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತಾರೆ, ಅಲ್ಲಿ ಕೂತೆ. ಗ್ರಂಥಪಾಲಕಿ ಅಕ್ಕ ಮಕ್ಕಳನ್ನೆಲ್ಲ ಬೇವಿನ ಮರದ ಕೆಳಗೆ ಕಳಿಸಿ, ಬಾಗಿಲ ಹೊರಗೆ ತಾನೇ ಕುರ್ಚಿ ಹಾಕಿಕೊಂಡು ಕೂತಳು. ಕರೆಂಟ್ ಹೋದರೆ ಇರಲಿ ಅಂತ ಮೊಬೈಲ್ ಡೇಟಾ ಹಾಕಿಟ್ಟುಕೊಂಡಿದ್ದೆ. ಹತ್ತನೇ ನಿಮಿಷಕ್ಕೆ ಫ್ಯಾನ್ ನಿಂತಿತು.

ಮೂವರಿದ್ದರು. ನಾನು ಬರೆದದ್ದನ್ನು ಓದಿಕೊಂಡೇ ಬಂದಿದ್ದರು. ಅವ್ವ-ಅಮ್ಮದ ಸಮಸ್ಯೆಯನ್ನೂ ಅದರಲ್ಲಿ ಸೇರಿಸಿದ್ದೆ. ಮೊದಲನೆಯವರು ಕೇಳಿದರು, ಆಧಾರ್‌ನಲ್ಲಿ ಹೆಸರು ತಿದ್ದಿಸಲು 50 ರೂಪಾಯಿ, ಅದೇನು ದೊಡ್ಡ ತೊಂದರೆ?

ಇದಕ್ಕೆ ಉತ್ತರ ನನ್ನ ಬಾಯಲ್ಲೇ ಇತ್ತು. ಸರ್, ಆಧಾರ್ ಕೇಂದ್ರ ಇರುವುದು ಹೋಬಳಿಯಲ್ಲಿ ಅಥವಾ ತಾಲೂಕಿನಲ್ಲಿ. ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, 349 ರೂಪಾಯಿ. ಬಸ್ಸು ಹೆಂಗಸರಿಗೆ ಉಚಿತ, ಗಂಡಸರಿಗೆ ಇಲ್ಲ. ಆ ದಿನ ಸರ್ವರ್ ಇಲ್ಲದಿದ್ದರೆ ಇನ್ನೊಂದು ದಿನ, ಇನ್ನೊಂದು ಕೂಲಿ. ಮತ್ತೆ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ತಿದ್ದಬಹುದು. ಯಾವ ಹೆಸರಿಗೆ ತಿದ್ದಿಸಬೇಕು ಅಂತ ಮೊದಲೇ ಗೊತ್ತಿರಬೇಕು. ಬ್ಯಾಂಕಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಯಾವುದನ್ನು ನಂಬುವುದು? 50 ರೂಪಾಯಿ ಇದರಲ್ಲಿ ಎಲ್ಲಕ್ಕಿಂತ ಚಿಕ್ಕ ಖರ್ಚು. ನನ್ನ ಇಂಗ್ಲಿಷ್ ಅಲ್ಲಲ್ಲಿ ತೊಡರಿತು. ಆದರೆ ಅವರು ತಲೆ ಎತ್ತಿ ಕೇಳುತ್ತಿದ್ದರು.

ಎರಡನೆಯವರು, ಹಾಗಾದರೆ ಆಧಾರ್ ಬೇಡವೇ, ನಕಲಿ ಕಾರ್ಡು ಹೆಚ್ಚಾದರೆ ಅಂತ ಕೇಳಿದರು. ಬೇಡ ಅಂತ ಹೇಳಿಬಿಡಬಹುದಿತ್ತು. ಆದರೆ ಸತ್ತವರ ಹೆಸರು ಉಳಿದಿದ್ದ ಕಾರ್ಡುಗಳನ್ನು ನಾನೇ ನೋಡಿದ್ದೆ. ಅದನ್ನೂ ಹೇಳಿದೆ. ಎರಡೂ ನಿಜ ಮೇಡಂ, ನಕಲಿ ತಡೆಯಲೂ ಬೇಕು, ಆದರೆ ಅದರ ಖರ್ಚನ್ನು ಈಗ ಪೂರ್ತಿ ಕೂಲಿಯವಳೇ ಹೊರುತ್ತಿದ್ದಾಳೆ, ತಿದ್ದುವ ಕೆಲಸವನ್ನು ಪಂಚಾಯ್ತಿಗೇ ತಂದರೆ ಹೇಗೆ ಅಂತ ಯೋಚಿಸುತ್ತಿದ್ದೇನೆ ಅಂದೆ.

ಮೂರನೆಯವರು ಅಷ್ಟು ಹೊತ್ತು ಸುಮ್ಮನಿದ್ದರು. ನಿಮ್ಮ ಪಂಚಾಯ್ತಿಯಲ್ಲಿ ಹೀಗೆ ಹೆಸರು ಹೊಂದದವರು ಎಷ್ಟು ಜನ ಅಂತ ಕೇಳಿದರು.

ನನಗೆ ಗೊತ್ತಿರಲಿಲ್ಲ.

ಎರಡು ವರ್ಷ ಆ ಕುರ್ಚಿಯಲ್ಲಿ ಕೂತಿದ್ದೆ. ದಿನಾ ಅವರ ಮುಖ ನೋಡಿದ್ದೆ. ಅವರಿಗಾಗಿ ಮರುಗಿದ್ದೆ, ಮನೆಗೆ ಬಂದು ಅವ್ವನ ಮುಂದೆ ಹೇಳಿಕೊಂಡಿದ್ದೆ. ಎಣಿಸಿರಲಿಲ್ಲ. ದಾಖಲೆ ಎಲ್ಲ ನನ್ನ ಕೈಯಲ್ಲೇ ಇದ್ದವು. ಹಣೆಯಿಂದ ಬೆವರು ಇಳಿಯುತ್ತಿತ್ತು. “ಗೊತ್ತಿಲ್ಲ ಸರ್. ಆದರೆ ಎಣಿಸಬಹುದು, ಎಣಿಸಿರಬೇಕಿತ್ತು” ಅಂದೆ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಸಂದರ್ಶನ ಮುಗಿಯಿತು.

ಮರುದಿನ ಪಿಡಿಒ ಸರ್‌ನ ಕೇಳಿ, ಕಚೇರಿ ಮುಗಿದ ಮೇಲೆ ಎಣಿಸಲು ಕೂತೆ. 200 ಪುಟದ ನೋಟ್‌ಬುಕ್ ತಂದು ಗೆರೆ ಹಾಕಿದೆ. ಜಾಬ್ ಕಾರ್ಡಿನ ಹೆಸರು, ಆಧಾರ್ ಹೆಸರು, ವ್ಯತ್ಯಾಸ ಎಂಥದ್ದು, ಅದರಿಂದ ಎಷ್ಟು ದಿನದ ಕೂಲಿ ನಿಂತಿತು. ಮೊದಲು ನಮ್ಮ ಓಣಿ, ಆಮೇಲೆ ಕೆಳಗಿನ ಓಣಿ, ಆಮೇಲೆ ತಾಂಡಾ. ಹಾಗೆ ಬರೆಯುತ್ತಾ ಹೋದಂತೆ ನನಗೆ ಗೊತ್ತಿಲ್ಲದ ಸಂಗತಿಗಳು ಕಂಡವು. ಸಮಸ್ಯೆ ಎಲ್ಲ ಕಡೆ ಒಂದೇ ಥರ ಇರಲಿಲ್ಲ. ತಾಂಡಾದಲ್ಲಿ ‘ಬಾಯಿ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಆದ ತಪ್ಪೇ ಹೆಚ್ಚು. ನಮ್ಮ ಓಣಿಯಲ್ಲಿ ಅವ್ವ-ಅಮ್ಮ. ಗಂಡಸರ ಹೆಸರಿನಲ್ಲಿ ವ್ಯತ್ಯಾಸ ಕಡಿಮೆ. ಮದುವೆಯಾಗಿ ಬೇರೆ ಊರಿಂದ ಬಂದ ಹೆಂಗಸರಿಗೆ ತೊಂದರೆ ಜಾಸ್ತಿ, ತವರಿನಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು. ‘ಹೆಸರು ಹೊಂದ್ವಲ್ದು’ ಅಂತ ನಾನು ಒಂದೇ ಮಾತಿನಲ್ಲಿ ಹೇಳುತ್ತಿದ್ದದ್ದು ಅಸಲಿಗೆ ಮೂರು ಬೇರೆ ಬೇರೆ ತೊಂದರೆಗಳು. ಮೂರಕ್ಕೂ ಪರಿಹಾರ ಬೇರೆ.

ಎಣಿಕೆ ಅರ್ಧ ಆಗಿತ್ತು. ಆಗ ಆ ವಿಶ್ವವಿದ್ಯಾಲಯದಿಂದ ಕಾಯುವ ಪಟ್ಟಿಯಲ್ಲಿದ್ದೀರಿ ಅಂತ ಮೇಲ್ ಬಂತು. ಖಾಸಗಿ ಸಂಸ್ಥೆಯವರು ಸೀಟು ಕೊಟ್ಟರು, ಸ್ಕಾಲರ್‌ಶಿಪ್ ಕಳೆದ ಮೇಲೂ ಉಳಿದ ಶುಲ್ಕ ನಮ್ಮಿಂದ ಆಗದ್ದು, ಬಿಟ್ಟೆ. ಜೂನ್ ಕೊನೆಯ ವಾರ ಕಾಯುವ ಪಟ್ಟಿಯಿಂದ ಕರೆ ಬಂತು. ಶುಲ್ಕದ ನೆರವಿಗೆ ಅಪ್ಪನ ಆದಾಯ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಕೇಳಿದರು. ಜೊತೆಗೆ ತಾಯಿಯ ಆಧಾರ್. ನೋಟರಿಯ ಅಫಿಡವಿಟ್ ಅನ್ನೂ ಸೇರಿಸಿ ಕಳಿಸಿದೆ. ಒಂಬತ್ತು ದಿನ ಉತ್ತರ ಬರಲಿಲ್ಲ. ಹತ್ತನೇ ದಿನ ಮಧ್ಯಾಹ್ನ, ನಾನು ಎನ್‌ಎಂಆರ್ ತೆಗೆಯುತ್ತಿದ್ದಾಗ, ಶುಲ್ಕ ಮತ್ತು ಹಾಸ್ಟೆಲ್ ಎರಡಕ್ಕೂ ನೆರವು ಮಂಜೂರಾಗಿದೆ ಅಂತ ಮೇಲ್ ಬಂತು. ಮುದ್ರಣ ಮುಗಿಯುವ ತನಕ ಯಾರಿಗೂ ಹೇಳಲಿಲ್ಲ. ಹೊರಗೆ ಕಾಯಕ ಬಂಧು ಕಾಯುತ್ತಿದ್ದಳು.

ಅಪ್ಪನಿಗೆ ಹೊಲಕ್ಕೆ ಹೋಗಿ ಹೇಳಿದೆ. ತೊಗರಿ ಬಿತ್ತನೆ ನಡೆದಿತ್ತು. “ಖರ್ಚು?” ಅಂದ. ಇಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ಮಂದಿಗೆ ಏನಂತ ಹೇಳ್ಲಿ?” ಅಂತ ಮತ್ತೆ ಅದನ್ನೇ ಕೇಳಿದ. ಜಾಬ್ ಕಾರ್ಡಿನ ಪಟ್ಟಿಯಲ್ಲಿ ಒಂದು ಸಾಲು ಸೇರಿಸೋದು ಹೆಂಗ ಅಂತ ಕಲಿಯಾಕ ಹೊಂಟಾಳ ಅಂತ ಹೇಳು ಅಂದೆ. ಅಪ್ಪ ಕೂರಿಗೆಯ ಹಿಡಿ ಬಿಡದೆ ತಲೆಯಾಡಿಸಿದ.

ಪಂಚಾಯ್ತಿಯ ಕೊನೆಯ ದಿನ ಹೊಸ ಆಪರೇಟರ್ ತಂಗಿಗೆ ಕೀಲಿ, ಪಾಸ್‌ವರ್ಡು, ರಿಜಿಸ್ಟರು ಎಲ್ಲ ಒಪ್ಪಿಸಿದೆ. ನೋಟ್‌ಬುಕ್ಕನ್ನೂ ಅವಳಿಗೇ ಕೊಟ್ಟೆ. ತಾಂಡಾದ ಎರಡು ಸಾಲು ಮನೆಗಳು ಇನ್ನೂ ಉಳಿದಿದ್ದವು. ಗೆರೆ ಹೇಗೆ ಹಾಕಬೇಕು, ಎಲ್ಲಿಂದ ಮುಂದುವರಿಸಬೇಕು ಅಂತ ತೋರಿಸಿದೆ. ಅವಳು ಮೊದಲ ಪುಟ ತೆರೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟು, “ಇವರು ಯಾರಕ್ಕಾ?” ಅಂತ ಕೇಳಿದಳು.

“ನಮ್ಮವ್ವ” ಅಂದೆ.